ಊರೀಯನ ಸಾವು ಯಾರ ಲೆಕ್ಕದಲ್ಲಿ?

ತಾಳವಾಡಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 2000ದ ಜುಲೈ 30ರ ರಾತ್ರಿ. ಅಲ್ಲಿನ ದೊಡ್ಡಗಾಜನೂರಿನ ಮನೆಯಿಂದ ನಟ ಡಾ. ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿ ಕಾಡಿಗೆ ಕರೆದೊಯ್ದ. ಅವರು ಬಿಡುಗಡೆಯಾದ ನವೆಂಬರ್ 15ರವರೆಗೆ, 108 ದಿನ, ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳು ಉಸಿರು ಬಿಗಿಹಿಡಿದಿದ್ದವು. ಒಂದೊಂದು ದಿನದ ಸುದ್ದಿಯೂ ಪತ್ರಿಕೆಗಳಲ್ಲಿ ಉಳಿದಿದೆ. ಅದಕ್ಕೂ ಮುಂಚಿನ ವರ್ಷಗಳಲ್ಲಿ ಇದೇ ಬೆಟ್ಟಸಾಲಿನ ಪೋಡು, ದೊಡ್ಡಿಗಳಿಂದ ಪೊಲೀಸರು ವಿಚಾರಣೆಗೆಂದು ಎಳೆದೊಯ್ದವರ ದಿನಗಳನ್ನು ಎಣಿಸಿದವರು ಎಷ್ಟು ಮಂದಿ? ಕಾಡುಗಳ್ಳನಿಗೆ ಅಕ್ಕಿ ಕೊಟ್ಟರೆಂದು ಪೊಲೀಸರ ಅನುಮಾನ, ಪೊಲೀಸರಿಗೆ ಸುಳಿವು ಕೊಟ್ಟರೆಂದು ಕಾಡುಗಳ್ಳನ ಅನುಮಾನ. ನಡುವೆ ಸಿಕ್ಕ ಸೋಲಿಗರ, ಬಡ ರೈತರ ಮಾತಿಗೆ ಸಾಕ್ಷಿಯೇ ಇರಲಿಲ್ಲ.

ಯೆಹೂದ್ಯರ ಪವಿತ್ರ ಗ್ರಂಥವನ್ನು ಇಂಥ ಸೀಮೆಯಲ್ಲಿ ಕುಳಿತು ಓದಬೇಕು. ದೇವರಿಗೆ ಎಲ್ಲವೂ ಗೊತ್ತು ಎಂಬುದು ಅದರ ಉದ್ದಕ್ಕೂ ಬರುವ ಮಾತು. ಬೋಧಕರು ಅದನ್ನು ಬಹಳ ಸಲ ಬೆದರಿಕೆಯಾಗಿಯೇ ಬಳಸುತ್ತಾರೆ: ಕದ್ದು ಮಾಡಿದ್ದೂ ಕಾಣುತ್ತದೆ, ಹುಷಾರು! ಇದು ಅರ್ಧ ಓದು.

139ನೆಯ ಕೀರ್ತನೆಯನ್ನೇ ನೋಡಿ. ಕೂತದ್ದು, ಎದ್ದದ್ದು, ನಾಲಗೆಗೆ ಇನ್ನೂ ಬಾರದ ಮಾತು, ತಾಯ ಗರ್ಭದಲ್ಲಿ ಮೂಡುತ್ತಿದ್ದ ದೇಹ, ಎಲ್ಲವನ್ನೂ ದೇವರು ಬಲ್ಲನೆಂದು ಕವಿ ಹೇಳುತ್ತಾನೆ. ಈ ಸೊಗಸಾದ ಸಾಲುಗಳನ್ನು ಓದುವವರು ಕೊನೆಯ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅಲ್ಲಿ ಕವಿ ಕೊಲೆಗಡುಕರ ಮೇಲೆ ಸಿಡಿದೇಳುತ್ತಾನೆ. ಆಮೇಲೆ ತನ್ನ ಎದೆಯನ್ನೇ ಶೋಧಿಸೆಂದು ದೇವರನ್ನು ಕರೆಯುತ್ತಾನೆ. ಇದು ಸುಳ್ಳು ಆರೋಪ ಹೊತ್ತವನ ಮೊರೆ ಎಂದು ಓದುವ ವಿದ್ವಾಂಸರಿದ್ದಾರೆ. ಹಾಗೆ ಓದಿದರೆ ಅರ್ಥವೇ ಬದಲಾಗುತ್ತದೆ. ಯಾರೂ ನಂಬದ ನಿರಪರಾಧಿಗೆ, ನಿಜ ಬಲ್ಲವನೊಬ್ಬ ಇದ್ದಾನೆ ಎಂಬುದೇ ಆಸರೆ.

ಆದಿಕಾಂಡದ ಹಾಗರಳಂತೂ ಮನೆಗೆಲಸದ ದಾಸಿ, ಬಸುರಿ. ಒಡತಿಯ ಕಾಟ ತಾಳಲಾರದೆ ಮರುಭೂಮಿಯ ದಾರಿ ಹಿಡಿದವಳು. ಒಡೆಯ ಅಬ್ರಾಮನೂ ಒಡತಿ ಸಾರಯಳೂ ಆ ಅಧ್ಯಾಯದಲ್ಲಿ ಅವಳ ಹೆಸರೆತ್ತುವುದಿಲ್ಲ. ಅವರ ಬಾಯಲ್ಲಿ ಅವಳು ಬರೀ ದಾಸಿ. ನೀರಿನ ಬುಗ್ಗೆಯ ಬಳಿ ದೇವದೂತನೇ ಅವಳನ್ನು ಹೆಸರು ಹಿಡಿದು ಕರೆಯುತ್ತಾನೆ. ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಎಂದು ಕೇಳುತ್ತಾನೆ. ತನ್ನನ್ನು ನೋಡುವ ದೇವರೆಂದು ಅವಳು ದೇವರಿಗೇ ಹೆಸರಿಡುತ್ತಾಳೆ.

ಇನ್ನು ಊರೀಯ, ದಾವೀದನ ಸೇನೆಯ ಯೋಧ. ಅವನ ಹೆಂಡತಿ ಬತ್ಷೆಬೆಯನ್ನು ಅರಮನೆಗೆ ಕರೆಸಿಕೊಂಡ ರಾಜ ದಾವೀದ, ಸೇನಾಪತಿ ಯೋವಾಬನಿಗೆ ಪತ್ರ ಬರೆದು ಅದನ್ನು ಊರೀಯನ ಕೈಯಲ್ಲೇ ಕಳಿಸಿದ. ಇವನನ್ನು ಘೋರ ಕಾಳಗದ ಮುಂಚೂಣಿಗೆ ತಳ್ಳಿ ಹಿಂದೆ ಸರಿಯಿರಿ ಎಂಬುದು ಒಕ್ಕಣೆ. ಯುದ್ಧದಲ್ಲಿ ಮಡಿದನೆಂದು ವರದಿ ಬಂತು. ಕಡತದಲ್ಲಿ ಎಲ್ಲವೂ ಸರಿಯಿತ್ತು. ಆದರೆ ಪ್ರವಾದಿ ನಾತಾನ ಅರಮನೆಗೇ ಬಂದು, ಅನ್ಯಾಯ ಮಾಡಿದವನೊಬ್ಬನ ದೃಷ್ಟಾಂತ ಹೇಳಿ, ಆ ಮನುಷ್ಯ ನೀನೇ ಎಂದು ರಾಜನ ಮುಖಕ್ಕೆ ಹೇಳಿದ. ದೇವರು ಬಲ್ಲದ್ದನ್ನು ಮನುಷ್ಯನೊಬ್ಬ ಬಾಯಿಬಿಟ್ಟು ಹೇಳಬೇಕಾಯಿತು. ಈ ಕಥೆಯ ಬಲ ಅಲ್ಲಿದೆ.

ನಮ್ಮ ಬೆಟ್ಟಗಳಿಗೂ ಅಂಥ ಬಾಯಿ ಬೇಕಿತ್ತು. ವೀರಪ್ಪನ್ ಬೇಟೆಗಿದ್ದ ಎರಡೂ ರಾಜ್ಯಗಳ ಪೊಲೀಸ್ ವಿಶೇಷ ಕಾರ್ಯಪಡೆಗಳ ಮೇಲಿನ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ, ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ನೇಮಿಸಿತು. ಹಳ್ಳಿಯ ಗಂಡಸರು, ಹೆಂಗಸರು ಅದರ ಮುಂದೆ ನಿಂತು ತಮಗಾದದ್ದನ್ನು ಹೇಳಿದರು. 2007ರ ಜನವರಿಯಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ವಕೀಲ ಬಾಲಮುರುಗನ್ 2004ರಲ್ಲಿ ಇದೇ ಸೀಮೆಯ ಸೋಲಿಗರ ನೋವನ್ನು ‘ಸೋಳಗರ್ ತೊಟ್ಟಿ’ ಎಂಬ ತಮಿಳು ಕಾದಂಬರಿಯಾಗಿಸಿದರು.

ಆದರೂ ದೇವರು ನೋಡಿದ್ದಾನೆ ಬಿಡಿ ಎಂದು ಕೈತೊಳೆದುಕೊಳ್ಳುವುದು ನಾತಾನನ ದಾರಿಯಲ್ಲ. ಸದಾಶಿವ ಸಮಿತಿಯ ವರದಿ ಕನ್ನಡ, ತಮಿಳು ಎರಡರಲ್ಲೂ ಪುಸ್ತಕವಾಗಿ ತಾಳವಾಡಿ, ಚಾಮರಾಜನಗರ, ಕೊಳ್ಳೇಗಾಲದ ಗ್ರಂಥಾಲಯಗಳಲ್ಲಿ ಜನರ ಕೈಗೆ ಸಿಗುವಂತೆ ಎರಡೂ ಸರ್ಕಾರಗಳು ಮಾಡಲಿ. ಸಮಿತಿಯ ಮುಂದೆ ನಿಂತು ಮಾತಾಡಿದವರು ಬದುಕಿರುವಾಗಲೇ ಈ ಕೆಲಸ ಆಗಲಿ.