ಗುಳೆ ಹೋದವನ ಮತ ಎಲ್ಲಿದೆ?

2024ರ ಲೋಕಸಭಾ ಚುನಾವಣೆಯಲ್ಲಿ ನಾನು ಕರ್ತವ್ಯದ ಮೇಲಿದ್ದೆ. ಅಂದು ನನ್ನ ಮತಗಟ್ಟೆಗೆ ನಾನು ಹೋಗಲಾರೆನೆಂಬುದನ್ನು ವ್ಯವಸ್ಥೆ ಮೊದಲೇ ಅರಿತಿತ್ತು. ತರಬೇತಿಯ ಸಮಯದಲ್ಲೇ ಅರ್ಜಿ ನಮೂನೆ ಕೈಗೆ ಬಂತು. ಅಂಚೆ ಮತಪತ್ರದಲ್ಲಿ ಮತ ಹಾಕಿದೆ. ನನ್ನ ಹಕ್ಕು ನನ್ನನ್ನು ಹುಡುಕಿಕೊಂಡು ಬಂದಿತ್ತು.

ಪುಣೆಯ ನಮ್ಮ ಬಡಾವಣೆಯಲ್ಲಿ ಆಗ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿ ಯಾದಗಿರಿ ಜಿಲ್ಲೆಯ ಗಾರೆ ಕೆಲಸಗಾರನೊಬ್ಬನಿದ್ದ. ಅವನ ಊರಿನಲ್ಲಿ ಮೇ 7ರಂದು ಮತದಾನ. ಹೋಗುವುದಿಲ್ಲವೇ ಎಂದು ಕೇಳಿದೆ. "ಹೋಗಿ ಬರೂದಕ್ಕ ನಾಕು ದಿನದ ಪಗಾರ ಹೊಕ್ಕೈತ್ರಿ ಸಾಹೇಬ್ರ. ಓಟು ಊರಾಗೈತಿ, ಹೊಟ್ಟಿ ಇಲ್ಲೈತಿ" ಎಂದ. ಮತದಾನದ ದಿನ ದಿನಗೂಲಿಯವನಿಗೂ ಸಂಬಳಸಹಿತ ರಜೆ ಕೊಡಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯಿದೆಯ 135ಬಿ ಕಲಮು ಹೇಳುತ್ತದೆ. ಆ ಮಾತನ್ನು ಅವನಿಗೆ ಹೇಳಲು ನನಗೆ ನಾಲಿಗೆ ಏಳಲಿಲ್ಲ.

ಸರ್ಕಾರಿ ನೌಕರನಾದ ನನಗೆ ಪಕ್ಷದ ಮಾತು ನಿಷಿದ್ಧ. ಇದು ಪಕ್ಷದ ಮಾತಲ್ಲ. ಸಂಬಳ ಪಡೆಯುವ ನನಗೆ ದೊರೆತ ಸೌಲಭ್ಯ ಕೂಲಿಯವನಿಗೆ ಏಕಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ಸಿದ್ಧ ಉತ್ತರವೊಂದಿದೆ: ಇರುವ ಊರಿನಲ್ಲೇ ಹೆಸರು ನೋಂದಾಯಿಸಿಕೊಳ್ಳಲಿ. ವರ್ಷಗಟ್ಟಲೆ ಒಂದೆಡೆ ನೆಲೆಸಿದ ನಮ್ಮಂಥವರಿಗೆ ಈ ಮಾತು ಸರಿ. ಊರಿನ ಅಭಿಮಾನಕ್ಕೆಂದು ಅಲ್ಲಿನ ಪಟ್ಟಿಯಲ್ಲಿ ಹೆಸರು ಉಳಿಸಿಕೊಂಡಿರುವ ಹೊರನಾಡ ಕನ್ನಡಿಗರು ಕಡಿಮೆಯಿಲ್ಲ. ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿಯಾಗರು ಎಂದು 1950ರ ಕಾಯಿದೆಯ 20ನೆಯ ಕಲಮು ಸ್ಪಷ್ಟವಾಗಿಯೇ ಹೇಳಿದೆ. ಆದರೆ ಗುಳೆ ಹೋದವನ ಕಥೆ ಬೇರೆ. ಅವನು ಸುಗ್ಗಿ ಮುಗಿದ ಮೇಲೆ ಬರುತ್ತಾನೆ, ಮಳೆಗಾಲಕ್ಕೆ ಮರಳುತ್ತಾನೆ. ತಗಡಿನ ಶೆಡ್ಡಿಗೆ ಬಾಡಿಗೆ ಪತ್ರ ಎಲ್ಲಿಯದು? ಅವನ ಹೊಲ, ಪಡಿತರ, ಮಕ್ಕಳ ಶಾಲೆ ಎಲ್ಲವೂ ಊರಿನಲ್ಲಿವೆ. ತಾತ್ಕಾಲಿಕವಾಗಿ ಹೊರಗಿರುವ ಮಾತ್ರಕ್ಕೆ ನಿವಾಸಿತನ ಹೋಗದು ಎಂದು ಅದೇ ಕಲಮು ಹೇಳುತ್ತದೆ. ಕಾನೂನು ಅವನ ಪರವಾಗಿದೆ. ಕಾರ್ಯವಿಧಾನ ಮಾತ್ರ ಅವನಿಗೆ ವಿರುದ್ಧವಾಗಿದೆ.

2025ರಲ್ಲಿ ಬಿಹಾರದಲ್ಲಿ ನಡೆದ ವಿಶೇಷ ತೀವ್ರ ಪರಿಷ್ಕರಣೆಯನ್ನು ನೆನೆಯಿರಿ. ಆಗಸ್ಟ್ 1ರ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದವು. ಅವುಗಳಲ್ಲಿ ಸುಮಾರು 36 ಲಕ್ಷ, ಶಾಶ್ವತವಾಗಿ ಸ್ಥಳಾಂತರಗೊಂಡವರು ಅಥವಾ ಪತ್ತೆಯಾಗದವರು ಎಂಬ ಶೀರ್ಷಿಕೆಯಡಿ ಬಂದವು. ಮೃತರ ಹೆಸರು ತೆಗೆಯಲೇಬೇಕು, ಅದರಲ್ಲಿ ವಾದವಿಲ್ಲ. ಆದರೆ ದುಡಿಯಲು ಹೋದವನು ಬಾಗಿಲು ತಟ್ಟಿದಾಗ ಮನೆಯಲ್ಲಿರಲಿಲ್ಲವೆಂದರೆ ಅವನು ಊರು ಬಿಟ್ಟನೆಂದು ಅರ್ಥವೇ? ಕೈಬಿಟ್ಟ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಿ ಎಂದು ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು. ಕಾರಣ ಕೊಡುವುದು ಯಾರೂ ಹೇಳದೆಯೇ ನಡೆಯಬೇಕಾದ ಕೆಲಸ.

ಪರಿಹಾರ ಯಾರಿಗೂ ಹೊಳೆದಿಲ್ಲವೆಂದಲ್ಲ. 2022ರ ಡಿಸೆಂಬರ್‌ನಲ್ಲಿ ಚುನಾವಣಾ ಆಯೋಗವೇ ದೂರಸ್ಥ ಮತಯಂತ್ರದ ಮಾದರಿಯನ್ನು ಮುಂದಿಟ್ಟಿತು. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಮತದಾನ ಸಾಧ್ಯವೆಂದಿತು. ಪಕ್ಷಗಳು ಸಂದೇಹ ವ್ಯಕ್ತಪಡಿಸಿದವು. ದೂರದೂರಿನಲ್ಲಿ ಏಜೆಂಟರು ಯಾರು, ಯಂತ್ರವನ್ನು ನಂಬುವುದು ಹೇಗೆ ಎಂಬ ಪ್ರಶ್ನೆಗಳು ನ್ಯಾಯವಾದವೇ. ಆದರೆ ಯಂತ್ರದ ಮೇಲಿನ ಸಂಶಯದಿಂದ ಮತದಾರನೇ ಕೈಬಿಟ್ಟುಹೋದದ್ದು ಯಾವ ನ್ಯಾಯ? ಯಂತ್ರ ಬೇಡವಾದರೆ ಕಾಗದ ಇದೆ. ಗಡಿಯ ಸೈನಿಕನಿಗೆ ಅಂಚೆ ಮತವಿದೆ. ಕಾಶ್ಮೀರಿ ವಲಸಿಗರಿಗೆ ಜಮ್ಮು, ದೆಹಲಿಗಳಲ್ಲಿ ವಿಶೇಷ ಮತಗಟ್ಟೆಗಳಿವೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದ 80 ದಾಟಿದ ಹಿರಿಯರ ಮನೆಬಾಗಿಲಿಗೇ ಮತಪೆಟ್ಟಿಗೆ ಹೋಯಿತು. 1951ರ ಕಾಯಿದೆಯ 60(ಸಿ) ಕಲಮಿನಡಿ, ಸರ್ಕಾರದೊಡನೆ ಸಮಾಲೋಚಿಸಿ ಯಾವುದೇ ವರ್ಗದ ಮತದಾರರಿಗೆ ಅಂಚೆ ಮತವನ್ನು ಅಧಿಸೂಚಿಸುವ ಅಧಿಕಾರ ಆಯೋಗಕ್ಕಿದೆ. ಋತುಮಾನದ ಕಾರ್ಮಿಕರನ್ನು ಆ ವರ್ಗಕ್ಕೆ ಸೇರಿಸಲು ಸಂಸತ್ತಿನಲ್ಲಿ ಹೊಸ ಮಸೂದೆಯೇ ಬೇಕಿಲ್ಲ. ನಿಯಮ ತಿದ್ದಿ, ಯಾದಗಿರಿ, ಕಲಬುರಗಿ, ವಿಜಯಪುರದವರಿಗಾಗಿ ಪುಣೆ, ಮುಂಬಯಿ, ಗೋವೆಗಳಲ್ಲಿ ಸೌಲಭ್ಯ ಕೇಂದ್ರಗಳನ್ನು ತೆರೆದು, ಎಲ್ಲ ಪಕ್ಷಗಳ ಏಜೆಂಟರ ಎದುರು ಮತ ಪಡೆಯಬಹುದು.

ಕಷ್ಟವೇ? ಹೌದು. ಆದರೆ ಒಬ್ಬನೇ ಮತದಾರನಿಗಾಗಿ ಗಿರ್ ಕಾಡಿನಲ್ಲಿ ಮತಗಟ್ಟೆ ತೆರೆದು, ಅದನ್ನು ಹೆಮ್ಮೆಯಿಂದ ಹೇಳಿಕೊಂಡ ದೇಶ ನಮ್ಮದು.

ಇನ್ನು ನಮ್ಮ ಸಂಘಗಳ ಮಾತು. ರಾಜ್ಯೋತ್ಸವಕ್ಕೆ ಅತಿಥಿಗಳನ್ನು ಕರೆಸುವ ನಾವು, ಒಂದು ಭಾನುವಾರ ಕಾರ್ಮಿಕರ ಶೆಡ್ಡುಗಳಿಗೆ ಹೋಗಿ, ಅವರ ಹೆಸರು ಊರಿನ ಪಟ್ಟಿಯಲ್ಲಿ ಇನ್ನೂ ಇದೆಯೇ ಎಂದು ಮೊಬೈಲಿನಲ್ಲಿ ನೋಡಿ ಹೇಳಬಾರದೇ? ಅವರೂ ಹೊರನಾಡ ಕನ್ನಡಿಗರೇ. ನಮ್ಮ ಸದಸ್ಯತ್ವದ ಪಟ್ಟಿಯಲ್ಲಂತೂ ಅವರ ಹೆಸರನ್ನು ನಾನು ಕಂಡಿಲ್ಲ.