ಕುಂಟುವ ಕಮ್ಮಾರನಿಗೆ ಒಂದು ಮತ

ಗ್ರೀಕ್ ಪುರಾಣಗಳಲ್ಲಿ ಅಚ್ಚುಮೆಚ್ಚಿನವರು ಯಾರು ಎಂದು ಕೇಳಿದರೆ ಬರುವ ಉತ್ತರಗಳನ್ನು ಮೊದಲೇ ಊಹಿಸಬಹುದು. ಶೌರ್ಯಕ್ಕೆ ಮನಸೋತವರು ಅಕಿಲೀಸ್ ಎನ್ನುತ್ತಾರೆ. ಜಾಣತನ ಮೆಚ್ಚುವವರು ಒಡಿಸ್ಯೂಸ್ ಅಥವಾ ಅಥೀನಾ. ಮ್ಯಾಡಲಿನ್ ಮಿಲ್ಲರ್ ಅವರ ಕಾದಂಬರಿ 2018ರಲ್ಲಿ ಬಂದ ಮೇಲೆ ಮಾಟಗಾತಿ ಸರ್ಸಿಗೂ ಅಭಿಮಾನಿಗಳ ದಂಡು ಹುಟ್ಟಿಕೊಂಡಿದೆ. ಕ್ರಾಂತಿಯ ಕನಸು ಕಾಣುವವರ ಮತ ಯಾವತ್ತೂ ಪ್ರಮೀಥಿಯಸ್‌ಗೆ. ಈ ಸಾಲಿನಲ್ಲಿ ಹೆಫೆಸ್ಟಸ್‌ನ ಹೆಸರು ಬರುವುದೇ ಅಪರೂಪ. ಬಂದರೂ, ಆಫ್ರೊಡೈಟಿಯಿಂದ ಮೋಸಹೋದ ಗಂಡನಲ್ಲವೇ ಎಂದು ನಕ್ಕು ಮುಂದೆ ಹೋಗುವವರೇ ಹೆಚ್ಚು. ಅದು ಅನ್ಯಾಯ. ಒಲಿಂಪಸ್‌ನ ದೇವತೆಗಳಲ್ಲಿ ಮೈಬೆವರು ಸುರಿಸಿ ದುಡಿಯುವವನು ಇವನು. ಒಬ್ಬರನ್ನೇ ಆರಿಸಬೇಕಾದರೆ ಮತ ಬೀಳಬೇಕಾದದ್ದು ಇವನಿಗೆ.

ಹೆಫೆಸ್ಟಸ್ ಬೆಂಕಿಯ ದೇವರು, ದೇವಲೋಕದ ಕಮ್ಮಾರ. ಕಾಲು ಕುಂಟು. ಅವನನ್ನು ಆಕಾಶದಿಂದ ಕೆಳಕ್ಕೆ ಎಸೆದ ಕಥೆಯನ್ನು ಹೋಮರ್ ಒಂದೇ ‘ಇಲಿಯಡ್’ನಲ್ಲಿ ಎರಡು ಬಗೆಯಾಗಿ ಹೇಳುತ್ತಾನೆ. ಮೊದಲ ಸರ್ಗದಲ್ಲಿ ಎಸೆದವನು ಜ್ಯೂಸ್. ತಾಯಿ ಹೆರಾಳ ಪರ ವಹಿಸಿದ್ದಕ್ಕೆ ಕಾಲು ಹಿಡಿದು ಬೀಸಿ ಒಗೆದ. ಇಡೀ ದಿನ ಬೀಳುತ್ತಲೇ ಇದ್ದು ಸೂರ್ಯ ಮುಳುಗುವ ಹೊತ್ತಿಗೆ ಲೆಮ್ನಾಸ್ ದ್ವೀಪಕ್ಕೆ ಬಂದು ಬಿದ್ದ. ಹದಿನೆಂಟನೆಯ ಸರ್ಗದಲ್ಲಿ ಎಸೆದವಳು ಹೆತ್ತ ತಾಯಿಯೇ. ಕುಂಟ ಮಗುವನ್ನು ಯಾರೂ ನೋಡಬಾರದೆಂದು ಬಚ್ಚಿಡಹೊರಟವಳು ಅವಳು. ಥೆಟಿಸ್ ಮತ್ತು ಯುರಿನೊಮಿ ಎಂಬ ಇಬ್ಬರು ಜಲದೇವತೆಯರು ಎತ್ತಿಕೊಂಡು ಸಾಕಿದರು. ಒಂಬತ್ತು ವರ್ಷ ಅವನು ಸಾಗರದಂಚಿನ ಗುಹೆಯೊಂದರಲ್ಲಿ ಅಡಗಿ ಅವರಿಗಾಗಿ ಆಭರಣ ಮಾಡಿಕೊಂಡಿದ್ದ. ಯಾವುದು ಸರಿ ಎಂಬ ಗೊಂದಲ ಹೋಮರನಿಗೆ ಇದ್ದಂತಿಲ್ಲ. ಅಪ್ಪ, ಅಮ್ಮ ಇಬ್ಬರೂ ಬೇಡವೆಂದ ಮಗ ಅನ್ನುವುದಂತೂ ಎರಡೂ ಕಥೆಗಳಿಂದ ಗಟ್ಟಿಯಾಗುತ್ತದೆ.

ಮೊದಲ ಸರ್ಗದ ಕೊನೆಯಲ್ಲಿ ಜ್ಯೂಸ್ ಮತ್ತು ಹೆರಾ ಜಗಳಕ್ಕೆ ನಿಂತು ದೇವಸಭೆಯೇ ಮುಖ ಗಂಟಿಕ್ಕಿ ಕೂತಿರುತ್ತದೆ. ಹೆಫೆಸ್ಟಸ್ ಏಳುತ್ತಾನೆ, ತಾಯಿಗೆ ನಾಲ್ಕು ಸಮಾಧಾನದ ಮಾತು ಹೇಳುತ್ತಾನೆ, ಆಮೇಲೆ ಬಟ್ಟಲು ಹಿಡಿದು ಎಲ್ಲರಿಗೂ ಪಾನೀಯ ಬಡಿಸತೊಡಗುತ್ತಾನೆ. ಅವನು ಕುಂಟುತ್ತ ಓಡಾಡುವುದನ್ನು ಕಂಡು ದೇವತೆಗಳೆಲ್ಲ ಬಿದ್ದು ಬಿದ್ದು ನಗುತ್ತಾರೆ. ಜನಕನ ಸಭೆ ಅಷ್ಟಾವಕ್ರನನ್ನು ಕಂಡು ನಕ್ಕ ಕಥೆ ಬಲ್ಲವರಿಗೆ ಇಲ್ಲೊಂದು ತಿರುಗೇಟು ಬರುತ್ತದೆ ಅನ್ನಿಸಬಹುದು. ಬರುವುದಿಲ್ಲ. ಜಗಳ ನಿಂತಿತಲ್ಲ, ಹೆಫೆಸ್ಟಸ್‌ಗೆ ಅಷ್ಟೇ ಬೇಕಿತ್ತು; ಅವನು ಬೇಕೆಂದೇ ನಗಿಸಿದ ಎಂದು ಓದುವುದೇ ಹೆಚ್ಚು ಒಪ್ಪುವಂತಿದೆ. ಸರ್ಗ ಮುಗಿಸುವ ಮುನ್ನ ಹೋಮರ್ ಇನ್ನೊಂದು ಮಾತು ಸೇರಿಸುತ್ತಾನೆ. ನಕ್ಕು ದಣಿದ ದೇವತೆಗಳು ಮಲಗಲು ತಂತಮ್ಮ ಮನೆಗಳಿಗೆ ಹೋದರು; ಆ ಮನೆಗಳನ್ನು ಕಟ್ಟಿಕೊಟ್ಟವನು ಹೆಫೆಸ್ಟಸ್.

ಅವನನ್ನು ನಿಜವಾಗಿ ನೋಡಬೇಕಾದರೆ ಹದಿನೆಂಟನೆಯ ಸರ್ಗಕ್ಕೆ ಹೋಗಬೇಕು, ಅವನ ಕುಲುಮೆಗೆ.

ಥೆಟಿಸ್ ಅಲ್ಲಿಗೆ ಬಂದಾಗ ಅವನು ಬೆವರಿನಲ್ಲಿ ಮುಳುಗಿ ತಿದಿಗಳ ನಡುವೆ ಓಡಾಡುತ್ತಿರುತ್ತಾನೆ. ಇಪ್ಪತ್ತು ಮುಕ್ಕಾಲುಪೀಠಗಳನ್ನು ಮಾಡುತ್ತಿದ್ದಾನೆ. ಒಂದೊಂದಕ್ಕೂ ಚಿನ್ನದ ಗಾಲಿ. ಅವು ತಾವಾಗಿಯೇ ದೇವಸಭೆಗೆ ಉರುಳಿಕೊಂಡು ಹೋಗಿ ತಾವಾಗಿಯೇ ಮನೆಗೆ ಮರಳಬೇಕು. ಕೆಲಸ ಇನ್ನೂ ಮುಗಿದಿಲ್ಲ, ಹಿಡಿಕೆ ಕೂರಿಸುವುದು ಬಾಕಿ, ಅದಕ್ಕೆ ಮೊಳೆಗಳನ್ನು ಬಡಿಯುತ್ತಿದ್ದಾನೆ. ಅತಿಥಿ ಬಂದ ಸುದ್ದಿ ಕೇಳಿ ತಿದಿಗಳನ್ನು ಬೆಂಕಿಯಿಂದ ದೂರ ಸರಿಸುತ್ತಾನೆ, ಸಲಕರಣೆಗಳನ್ನೆಲ್ಲ ಬೆಳ್ಳಿಯ ಪೆಟ್ಟಿಗೆಯಲ್ಲಿ ಎತ್ತಿಡುತ್ತಾನೆ, ಸ್ಪಂಜಿನಿಂದ ಮುಖ, ಕೈ, ದಪ್ಪ ಕುತ್ತಿಗೆ, ರೋಮ ತುಂಬಿದ ಎದೆ ಒರೆಸಿಕೊಳ್ಳುತ್ತಾನೆ, ಅಂಗಿ ತೊಟ್ಟು ಊರುಗೋಲು ಹಿಡಿದು ಹೊರಗೆ ಬರುತ್ತಾನೆ. ಮಹಾಕಾವ್ಯದ ದೇವರೊಬ್ಬ ಕೆಲಸ ಮುಗಿಸಿ ಮುಖ ತೊಳೆದುಕೊಳ್ಳುವುದನ್ನು ಇಷ್ಟು ಬಿಡಿಬಿಡಿಸಿ ಬರೆದ ಕವಿಗೆ ಕೆಲಸಗಾರರ ಮೇಲೆ ಪ್ರೀತಿ ಇರಲೇಬೇಕು.

ಅವನಿಗೆ ಹೆಗಲು ಕೊಟ್ಟು ನಡೆಸುವವರು ಚಿನ್ನದ ಹುಡುಗಿಯರು. ಅವನೇ ಮಾಡಿದವರು; ಅವರಿಗೆ ಬುದ್ಧಿಯಿದೆ, ಮಾತಿದೆ, ಶಕ್ತಿಯಿದೆ, ಕಸುಬೂ ಗೊತ್ತು. ಕ್ರಿಸ್ತಪೂರ್ವ ಎಂಟನೆಯ ಶತಮಾನದ ಸುಮಾರಿನ ಕಾವ್ಯದಲ್ಲಿ ಯೋಚಿಸುವ ಯಂತ್ರಗಳು! ಏಡ್ರಿಯನ್ ಮೇಯರ್ ಎಂಬ ವಿದ್ವಾಂಸೆ 2018ರಲ್ಲಿ ಈ ಬಗೆಯ ಕಥೆಗಳನ್ನೆಲ್ಲ ಒಟ್ಟುಮಾಡಿ ‘ಗಾಡ್ಸ್ ಆ್ಯಂಡ್ ರೋಬೋಟ್ಸ್’ ಎಂಬ ಪುಸ್ತಕ ಬರೆದರು. ಅದಕ್ಕಿಂತ ಕುತೂಹಲದ ಓದುಗ ಅರಿಸ್ಟಾಟಲ್. ಹೆಫೆಸ್ಟಸ್‌ನ ಮುಕ್ಕಾಲುಪೀಠಗಳಂತೆ ಉಪಕರಣಗಳೆಲ್ಲ ತಾವೇ ಕೆಲಸ ಮಾಡುವಂತಿದ್ದರೆ ಒಡೆಯರಿಗೆ ಗುಲಾಮರು ಬೇಕಾಗುತ್ತಿರಲಿಲ್ಲ ಎಂಬ ವಾದ ಅವನ ‘ಪಾಲಿಟಿಕ್ಸ್’ನ ಮೊದಲ ಭಾಗದಲ್ಲಿದೆ. ಅಂಥ ಯಂತ್ರವನ್ನು ಮಾಡೋಣ ಎಂದು ಅವನಿಗೆ ಹೊಳೆಯಲಿಲ್ಲ. ಗುಲಾಮಗಿರಿ ಇರುವುದು ಸಹಜವೇ ಎಂದು ಮುಂದಕ್ಕೆ ಹೋದ.

ಥೆಟಿಸ್ ಬಂದದ್ದು ಮಗ ಅಕಿಲೀಸ್‌ಗೆ ಕವಚ, ಗುರಾಣಿ ಕೇಳಲು. ಸಾಕಿದ ಋಣ. ಹೆಫೆಸ್ಟಸ್ ಮರುಮಾತಿಲ್ಲದೆ ಒಪ್ಪುತ್ತಾನೆ. ಐದು ಪದರದ ಆ ಗುರಾಣಿಯ ಮೇಲೆ ಏನು ಕೆತ್ತಿದ ಎನ್ನುವುದರಲ್ಲಿ ಅವನ ಮನಸ್ಸು ಕಾಣುತ್ತದೆ. ಕೊಲ್ಲಲು ಹೊರಟ ವೀರನ ಗುರಾಣಿ ಅದು. ಯುದ್ಧದ ಚಿತ್ರವೂ ಇದೆ, ಮುತ್ತಿಗೆಗೆ ಒಳಗಾದ ಊರೂ ಇದೆ. ಅದರ ಪಕ್ಕದಲ್ಲೇ ಮದುವೆ ಮೆರವಣಿಗೆ. ಸಂತೆಯ ಬಯಲಿನಲ್ಲಿ ಕೊಲೆಯ ಪರಿಹಾರದ ಹಣಕ್ಕಾಗಿ ಇಬ್ಬರ ನ್ಯಾಯ, ಕಲ್ಲುಬೆಂಚಿನ ಮೇಲೆ ಹಿರಿಯರು. ಸರಿಯಾದ ತೀರ್ಪು ಹೇಳಿದವರಿಗೆ ಸಲ್ಲಲು ಎರಡು ಟ್ಯಾಲೆಂಟ್ ಚಿನ್ನ ನಡುವೆ ಇಟ್ಟಿದೆ. ನೇಗಿಲು ಹೊಡೆಯುವವರು ಸಾಲಿನ ಕೊನೆ ಮುಟ್ಟಿದಾಗ ಒಬ್ಬ ಬಂದು ದ್ರಾಕ್ಷಾರಸದ ಬಟ್ಟಲು ಕೊಡುತ್ತಾನೆ. ಕುಯ್ಲು, ದ್ರಾಕ್ಷಿ ತೋಟ, ಎತ್ತನ್ನು ಹಿಡಿದ ಸಿಂಹಗಳು, ಹತ್ತಿರ ಹೋಗಲು ಹೆದರಿ ಬೊಗಳುವ ನಾಯಿಗಳು, ಕುಣಿಯುವ ಹುಡುಗ ಹುಡುಗಿಯರು. ಟ್ರಾಯ್‌ನಲ್ಲಿ ಕಾದಾಡುವ ಒಬ್ಬ ವೀರನಿಗೂ ಅಲ್ಲಿ ಜಾಗವಿಲ್ಲ.

ಅಕಿಲೀಸ್ ಸತ್ತ ಮೇಲೆ ಈ ಆಯುಧಗಳು ಯಾರಿಗೆ ಎಂಬ ವ್ಯಾಜ್ಯ ಹುಟ್ಟಿ, ಅವು ಒಡಿಸ್ಯೂಸ್‌ನ ಪಾಲಾದವು. ಅವುಗಳಿಗಾಗಿ ಪೈಪೋಟಿಗಿಳಿದಿದ್ದ ವೀರ ಏಜಾಕ್ಸ್ ತನಗೆ ಅವಮಾನವಾಯಿತೆಂದು ಹುಚ್ಚು ಹಿಡಿದು ದನಕುರಿಗಳನ್ನು ಶತ್ರುಗಳೆಂದು ಕಡಿದು, ಬುದ್ಧಿ ಮರಳಿದಾಗ ತನ್ನನ್ನೇ ಕೊಂದುಕೊಂಡ. ಸೊಫೊಕ್ಲೀಸ್ ಬರೆದ ಆ ದುರಂತದ ಚೌಕಟ್ಟನ್ನೇ ತೆಗೆದುಕೊಂಡು ಬಿ.ಎಂ. ಶ್ರೀಕಂಠಯ್ಯ ಕನ್ನಡದಲ್ಲಿ ‘ಅಶ್ವತ್ಥಾಮನ್’ ಬರೆದರು. ಕನ್ನಡದ ಆ ನಾಟಕದ ಮೂಲಕ್ಕೆ ಹೋದರೆ, ಬಹಳ ಹಿಂದೆ, ಈ ಕಮ್ಮಾರನ ಅಡಿಗಲ್ಲಿನ ಸದ್ದು ಕೇಳುತ್ತದೆ.

ಇಷ್ಟಕ್ಕೇ ಅವನನ್ನು ಸಾಧುಪ್ರಾಣಿ ಎಂದುಕೊಳ್ಳಬಾರದು. ಸೇಡು ಅವನಿಗೂ ಗೊತ್ತು. ತಾಯಿಗೆ ಚೆಂದದ ಸಿಂಹಾಸನವೊಂದನ್ನು ಕಳಿಸಿದ; ಹೆರಾ ಕೂತಳು, ಏಳಲಾಗಲಿಲ್ಲ. ಬಿಡಿಸಲು ಅವನೇ ಬರಬೇಕು, ಅವನು ಒಲ್ಲೆನೆಂದ. ಕೊನೆಗೆ ಡಯೊನೈಸಸ್ ಅವನಿಗೆ ಚೆನ್ನಾಗಿ ಕುಡಿಸಿ, ಹೇಸರಗತ್ತೆಯ ಮೇಲೆ ಕೂರಿಸಿ ಒಲಿಂಪಸ್‌ಗೆ ಕರೆತಂದ. ಫ್ಲಾರೆನ್ಸ್‌ನ ಪುರಾತತ್ವ ಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಪೂ. 570ರ ಫ್ರಾನ್ಸ್ವಾ ಹೂಜಿಯ ಮೇಲೆ ಆ ಮೆರವಣಿಗೆಯ ಚಿತ್ರವಿದೆ. 1900ರಲ್ಲಿ ಸಂಗ್ರಹಾಲಯದ ಕಾವಲುಗಾರನೊಬ್ಬ ಸಿಟ್ಟಿನಲ್ಲಿ ಆ ಹೂಜಿಯನ್ನು ಒಡೆದುಹಾಕಿದಾಗ ಅದು 638 ಚೂರಾಯಿತು. ಮತ್ತೆ ಕೂಡಿಸಿ ನಿಲ್ಲಿಸಿದ್ದಾರೆ.

ಹೆಂಡತಿ ಆಫ್ರೊಡೈಟಿ ಮತ್ತು ಅವಳ ಪ್ರಿಯಕರ ಏರೀಸ್ ಬಲೆಗೆ ಬಿದ್ದ ಕಥೆ ‘ಒಡಿಸ್ಸಿ’ಯ ಎಂಟನೆಯ ಸರ್ಗದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯ ಬಲೆ ನೇಯ್ದು ಮಂಚದ ಸುತ್ತ ಕಟ್ಟಿ, ಸಿಕ್ಕಿಬಿದ್ದವರನ್ನು ನೋಡಲು ದೇವತೆಗಳನ್ನೆಲ್ಲ ಕರೆದ. ಅವರು ನಕ್ಕರು. ಏರೀಸ್‌ನ ಜಾಗ ತನಗೆ ಸಿಕ್ಕಿದ್ದರೆ ಇದರ ಮೂರು ಪಟ್ಟು ಬಲೆಯಾದರೂ ಸರಿ ಎಂದು ಹರ್ಮೀಸ್ ಚಟಾಕಿ ಹಾರಿಸಿದ. ಮರ್ಯಾದೆ ಹೋದದ್ದು ಬಲೆಯೊಳಗಿದ್ದವರದ್ದೋ ಹೊರಗೆ ನಿಂತವನದ್ದೋ ಹೇಳುವುದು ಕಷ್ಟ.

ಇನ್ನೂ ಕೆಟ್ಟದ್ದಿದೆ. ಆಯುಧ ಮಾಡಿಸಲು ಬಂದ ಅಥೀನಾಳ ಮೇಲೆ ಅವನು ಬಲಾತ್ಕಾರಕ್ಕೆ ಹೋದ, ಅವಳು ತಪ್ಪಿಸಿಕೊಂಡಳು ಎನ್ನುತ್ತದೆ ಅಥೆನ್ಸಿನ ಕಥೆ. ನೆಲಕ್ಕೆ ಬಿದ್ದ ಅವನ ವೀರ್ಯದಿಂದ ಹುಟ್ಟಿದ ಎರಿಕ್ಥೋನಿಯಸ್‌ನನ್ನು ಅಥೆನ್ಸಿನವರು ತಮ್ಮ ಆದಿರಾಜರಲ್ಲಿ ಎಣಿಸಿಕೊಂಡರು. ಇದನ್ನು ಮುಚ್ಚಿಟ್ಟು ಅವನನ್ನು ಮೆಚ್ಚುವುದು ಸುಳ್ಳಾಗುತ್ತದೆ. ಎರಡನೆಯ ದೋಷ ಅವನ ಕಸುಬಿನದ್ದೇ: ಹೇಳಿದ್ದನ್ನು ಮಾಡಿಕೊಡುವುದು. ಮನುಷ್ಯರನ್ನು ದಂಡಿಸಲು ಹೆಣ್ಣೊಬ್ಬಳು ಬೇಕು ಎಂದು ಜ್ಯೂಸ್ ಹೇಳಿದ. ಹೆಫೆಸ್ಟಸ್ ಮಣ್ಣು ಕಲಸಿ ಪಂಡೋರಾಳನ್ನು ರೂಪಿಸಿದ. ಪ್ರಮೀಥಿಯಸ್‌ನನ್ನು ಬಂಡೆಗೆ ಬಿಗಿ ಎಂದ, ಬಿಗಿದ. ಈಸ್ಕಿಲಸ್‌ನ ಹೆಸರಿನಲ್ಲಿರುವ ನಾಟಕದಲ್ಲಿ ಅವನು ಸರಪಳಿ ಹಾಕುತ್ತಲೇ ಮರುಗುತ್ತಾನೆ, ತನ್ನ ಕೈಕಸುಬನ್ನೇ ಶಪಿಸುತ್ತಾನೆ, ಆದರೆ ಸುತ್ತಿಗೆ ಕೆಳಗಿಡುವುದಿಲ್ಲ. ಸಂಬಳಕ್ಕೆ ದುಡಿಯುವ ಯಾರಿಗೂ ಈ ದೃಶ್ಯ ಅಪರಿಚಿತವಲ್ಲ. ಅಕಿಲೀಸ್‌ನಂತೆ ಮುನಿದು ಡೇರೆಯಲ್ಲಿ ಕೂರುವ ಸೌಲಭ್ಯ ಎಷ್ಟು ಜನಕ್ಕಿದೆ?

ಪ್ರಮೀಥಿಯಸ್‌ನ ಅಭಿಮಾನಿಗಳು ಇಲ್ಲಿ ಕೈ ಎತ್ತಬಹುದು. ಅವನು ಎದುರಿಸಿ ನಿಂತ, ಇವನು ತಲೆಬಾಗಿದ, ನಿಜ. ಆದರೆ ಪ್ರಮೀಥಿಯಸ್ ಬೆಂಕಿ ಕದ್ದದ್ದು ಎಲ್ಲಿಂದ? ಪ್ಲೇಟೋನ ‘ಪ್ರೊಟಾಗೊರಸ್’ನಲ್ಲಿ ಬರುವ ಕಥೆಯ ಪ್ರಕಾರ ಹೆಫೆಸ್ಟಸ್ ಮತ್ತು ಅಥೀನಾ ಕೂಡಿ ದುಡಿಯುತ್ತಿದ್ದ ಕಾರ್ಯಾಗಾರದಿಂದ, ಬೆಂಕಿಯ ಜೊತೆ ಕಸುಬಿನ ಜ್ಞಾನವನ್ನೂ ಕದ್ದ. ಕದ್ದು ಹಂಚಿದವನಿಗೆ ಹೆಸರು ಬಂತು. ಕುಲುಮೆ ಹಚ್ಚಿಟ್ಟವನಿಗೆ ಬರಲಿಲ್ಲ.

ಅಥೆನ್ಸ್ ಮಾತ್ರ ಅವನನ್ನು ಮರೆತಿರಲಿಲ್ಲ. ಪಂಜು ಹಿಡಿದು ಓಡುವ ಪಂದ್ಯ ಅವನ ಗೌರವಕ್ಕಾಗಿಯೂ ನಡೆಯುತ್ತಿತ್ತು. (ಒಲಿಂಪಿಕ್ಸ್‌ಗೆ ಪಂಜಿನ ಓಟ ಅಂಟಿಕೊಂಡದ್ದು 1936ರ ಬರ್ಲಿನ್ ಕೂಟದಿಂದ, ಹಳೆಯ ಒಲಿಂಪಿಯಾದಲ್ಲಿ ಅದು ಇರಲಿಲ್ಲ.) ನಮ್ಮ ಆಯುಧಪೂಜೆಯನ್ನು ನೆನಪಿಸುವಂತೆ ಅಲ್ಲಿನ ಕಮ್ಮಾರರು, ಕುಶಲಕರ್ಮಿಗಳು ಶರತ್ಕಾಲದಲ್ಲಿ ಅಥೀನಾ ಮತ್ತು ಹೆಫೆಸ್ಟಸ್‌ಗಾಗಿ ಖಾಲ್ಕೇಯಾ ಹಬ್ಬ ಮಾಡುತ್ತಿದ್ದರು. ಅಗೋರಾ ಪಕ್ಕದ ದಿಬ್ಬದ ಮೇಲಿನ ಅವನ ದೇವಸ್ಥಾನದ ಕೆಲಸ ಕ್ರಿ.ಪೂ. 449ರ ಸುಮಾರಿಗೆ ಶುರುವಾಯಿತು. ಸುತ್ತಮುತ್ತ ಲೋಹದ ಕೆಲಸದವರ ಕೇರಿ. ಆ ಕಟ್ಟಡದ 34 ಕಂಬಗಳು ಇವತ್ತಿಗೂ ನಿಂತಿವೆ. ಶತಮಾನಗಳ ಕಾಲ ಸೇಂಟ್ ಜಾರ್ಜ್ ಚರ್ಚ್ ಆಗಿದ್ದುದರಿಂದ ಉಳಿದುಕೊಂಡಿತು. ಅಥೆನ್ಸಿನಲ್ಲಿ ಆಲ್ಕಮೀನೀಸ್ ಮಾಡಿದ್ದ ಅವನ ವಿಗ್ರಹವನ್ನು ರೋಮಿನ ಸಿಸೆರೊ ಹೊಗಳಿದ್ದಾನೆ: ಬಟ್ಟೆ ತೊಟ್ಟು ನಿಂತವನಲ್ಲಿ ಕುಂಟು ತುಸುವೇ ಕಾಣುತ್ತದೆ, ಕುರೂಪ ಕಾಣುವುದಿಲ್ಲ ಎಂದು. ಕುಂಟಿಗೆ ಕಾರಣ ಹುಡುಕಿದ ಕೆಲವು ಆಧುನಿಕ ವಿದ್ವಾಂಸರು ಕಂಚಿನ ಯುಗದ ಆರಂಭದಲ್ಲಿ ತಾಮ್ರದೊಂದಿಗೆ ಬೆರೆಯುತ್ತಿದ್ದ ಆರ್ಸೆನಿಕ್‌ನತ್ತ ಬೊಟ್ಟು ಮಾಡಿದ್ದಾರೆ. ಅದರ ಹೊಗೆ ನರಗಳನ್ನು ಹಾಳುಮಾಡುತ್ತದೆ. ಇದು ಊಹೆಯೇ. ಆದರೆ ಉತ್ತರ ಯುರೋಪಿನ ಕಥೆಗಳ ಕಮ್ಮಾರ ವೇಲಂಡ್ ಕೂಡ ಕುಂಟ ಎನ್ನುವುದು ಕಡೆಗಣಿಸುವಂಥದ್ದಲ್ಲ.

ರೋಮನ್ನರು ಅವನನ್ನು ವಲ್ಕನ್ ಎಂದು ಕರೆದರು. ಅಮೆರಿಕದ ಅಲಬಾಮಾ ರಾಜ್ಯದ ಉಕ್ಕಿನ ಊರು ಬರ್ಮಿಂಗ್‌ಹ್ಯಾಮ್, 1904ರ ಸೇಂಟ್ ಲೂಯಿಸ್ ವಿಶ್ವಮೇಳಕ್ಕೆ ತನ್ನ ಕಬ್ಬಿಣದ ಹಿರಿಮೆ ತೋರಿಸಲು ಆರಿಸಿದ್ದು ಇವನನ್ನೇ. ಜುಸೆಪೆ ಮೊರೆಟ್ಟಿ ಮಾಡಿದ 56 ಅಡಿಯ ಆ ವಿಗ್ರಹ ಜಗತ್ತಿನ ಅತಿ ದೊಡ್ಡ ಎರಕದ ಕಬ್ಬಿಣದ ಪ್ರತಿಮೆ. ಮೇಳ ಮುಗಿದ ಮೇಲೆ ಅದಕ್ಕೆ ಮನೆಯಿರಲಿಲ್ಲ. ವರ್ಷಗಟ್ಟಲೆ ಜಾತ್ರೆ ಮೈದಾನದಲ್ಲಿ ನಿಂತು, ಜಾಹೀರಾತಿಗಾಗಿ ಕೈಯಲ್ಲಿ ಐಸ್‌ಕ್ರೀಮ್ ಕೋನ್ ಹಿಡಿಯಬೇಕಾಯಿತು. 1930ರ ದಶಕದಲ್ಲಿ ರೆಡ್ ಮೌಂಟನ್ ಗುಡ್ಡಕ್ಕೆ ಏರಿಸಿದರು. 1946ರಿಂದ ಕೆಲವು ದಶಕ ಅವನ ಕೈಯಲ್ಲೊಂದು ದೀಪ: ಊರಿನ ರಸ್ತೆ ಅಪಘಾತದಲ್ಲಿ ಯಾರೂ ಸಾಯದಿದ್ದರೆ ಹಸಿರು, ಸತ್ತರೆ ಕೆಂಪು. ಅಪೊಲೊನನ್ನೋ ಜ್ಯೂಸ್‌ನನ್ನೋ ಹೀಗೆ ಟ್ರಾಫಿಕ್ ಡ್ಯೂಟಿಗೆ ಹಾಕಲು ಯಾವ ನಗರಸಭೆಗೆ ಮನಸ್ಸು ಬಂದೀತು?