ಕಿಡ್ನಿಯೊಳಗಿನ ಸೋಡಿಯಂ ಮತ್ತು ಬಯಲುಸೀಮೆ

ಕಿಡ್ನಿ ಕೆಟ್ಟಿದೆಯೇ ಎಂದು ತಿಳಿಯಲು ನಾವು ನೆಚ್ಚಿಕೊಂಡಿರುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ತಡವಾಗಿ ಎಚ್ಚರಿಸುತ್ತದೆ. ಕಿಡ್ನಿಯ ಶಕ್ತಿ ಅರ್ಧದಷ್ಟು ಕುಂದುವವರೆಗೂ ಅದರ ಅಂಕಿ ಸಹಜವಾಗಿಯೇ ಕಾಣಬಹುದು. ದೇಹದೊಳಗಿನ ಸೋಡಿಯಂ ಅನ್ನೇ ಚಿತ್ರಿಸುವ ಸೋಡಿಯಂ ಎಂಆರ್‌ಐ ಹುಡುಕುವುದೇ ಬೇರೆ. ಆರೋಗ್ಯವಂತ ಕಿಡ್ನಿಯಲ್ಲಿ ಹೊರಪದರದಿಂದ ಒಳಭಾಗಕ್ಕೆ ಹೋದಂತೆ ಸೋಡಿಯಂ ಏರುತ್ತದೆ. ಆ ಏರಿಕೆಯ ಬಲದಿಂದಲೇ ಕಿಡ್ನಿ ಮೂತ್ರವನ್ನು ಸಾಂದ್ರಗೊಳಿಸಿ ನೀರನ್ನು ದೇಹಕ್ಕೆ ಉಳಿಸಿಕೊಡುವುದು. ನೀರು ಕುಡಿಯದಿದ್ದರೆ ಆ ಏರಿಕೆ ಹೆಚ್ಚುತ್ತದೆ, ಧಾರಾಳವಾಗಿ ಕುಡಿದರೆ ತಗ್ಗುತ್ತದೆ. ಸೂಜಿ ಚುಚ್ಚದೆ, ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ದ್ರವ್ಯ ಕೊಡದೆ ಇದನ್ನು ಅಳೆಯಬಹುದು. ರೋಗಪೀಡಿತ ಕಿಡ್ನಿಗೆ ಅದು ಸಣ್ಣ ಅನುಕೂಲವಲ್ಲ.

ಬಯಲುಸೀಮೆಯ ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆ ಕಡಿಮೆ, ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹೊಲಗಳಲ್ಲಿ ಬಿಸಿಲಿಗೆ ಬೆವರುವವರ ಕಿಡ್ನಿಗೆ ನೀರು ಉಳಿಸುವುದೇ ನಿತ್ಯದ ದುಡಿಮೆ. ಆದ್ದರಿಂದ ಈ ತಂತ್ರವನ್ನು ಒರೆಗೆ ಹಚ್ಚುವಾಗ ಮಹಾನಗರದ ರೋಗಿಗಳಷ್ಟೇ ಅಲ್ಲ, ಇವರೂ ಇರಬೇಕು. ಬಡ ಜಿಲ್ಲೆಗೆ ಇಂಥ ದುಬಾರಿ ವಿದ್ಯೆ ಏಕೆ ಎಂಬ ಆಕ್ಷೇಪದಲ್ಲಿ ಹುರುಳಿದೆ. 3 ಟೆಸ್ಲಾ ಎಂಆರ್‌ಐ ಯಂತ್ರದಲ್ಲಿ ಹೈಡ್ರೋಜನ್ ಸುಮಾರು 128 ಮೆಗಾಹರ್ಟ್ಸ್‌ನಲ್ಲಿ ಉಲಿದರೆ ಸೋಡಿಯಂ ಸುಮಾರು 34ರಲ್ಲಿ, ಅದೂ ಬಹಳ ಕ್ಷೀಣವಾಗಿ. ಆ ಸಂಕೇತ ಹಿಡಿಯಲು ಪ್ರತ್ಯೇಕ ಕಾಯಿಲ್ ಬೇಕು, ಚಿತ್ರವೂ ಒರಟು. ಹಾಗಾಗಿ ತಾಲ್ಲೂಕು ಆಸ್ಪತ್ರೆಗೆ ಇದನ್ನು ಯಾರೂ ಕೇಳುತ್ತಿಲ್ಲ. ಅಲ್ಲಿಗೆ ಬೇಕಾದದ್ದು ಮೂತ್ರದ ಅಲ್ಬುಮಿನ್ ಪರೀಕ್ಷೆ, ಬಿಪಿ ಮತ್ತು ಸಕ್ಕರೆಯ ತಪಾಸಣೆ. ಆದರೆ ಇವತ್ತಿನ ಅಗತ್ಯವನ್ನು ಮುಂದಿಟ್ಟು ನಾಳಿನ ಸಂಶೋಧನೆಯಿಂದ ಈ ಜನರನ್ನು ಹೊರಗಿಡುವುದು ಅನ್ಯಾಯ. ಸಂಶೋಧನೆಗೆ ಹಣ ಕೊಡುವ ಸರ್ಕಾರ ಬಯಲುಸೀಮೆಯ ಜನರನ್ನು ಸೇರಿಸಿಕೊಳ್ಳಬೇಕೆಂಬ ಷರತ್ತನ್ನೂ ಹಾಕಲಿ.